ಮೂಡಿನಿಂದಲೇ ಶುರು ಮಾಡಿಸು

ಪೆಂಡುರ್ತಿ
14 ಜೂನ್ 1993

ಪ್ರೀತಿಯ ವಿಜಯಕ್ಕನಿಗೆ ಸುಲೋಚನಾಳ ನಮಸ್ಕಾರ.

ನೀವು ಹೊರಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಬೇಡಿ, ಮನಸ್ಸಿನಲ್ಲೇ ತಿದ್ದಿಕೊಳ್ಳಿ. ಮನೆಮಾತು ಕನ್ನಡವಾದರೂ ಈ ಊರಲ್ಲೇ ಹುಟ್ಟಿ ತೆಲುಗು ಸ್ಕೂಲಿಗೆ ಹೋದವಳಿಗೆ ಕನ್ನಡ ಅಕ್ಷರ ಕಲಿಸಿದವರು ನೀವು. ಆದ್ದರಿಂದ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದೇ.

ಮೇಲಿನ ಪೋರ್ಷನ್ ಕೆಲವು ದಿನ ಖಾಲಿ ಇತ್ತು. ಮಧ್ಯಾಹ್ನ ಪಾತ್ರೆ ತೊಳೆದು ಕೂತರೆ ಕಿವಿ ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಇನ್ನು ಆ ಚಪ್ಪಲಿ ಸದ್ದು ಬರುವುದಿಲ್ಲ ಕದಾ ಎಂದು ನನಗೆ ನಾನೇ ಹೇಳಿಕೊಂಡು ಏನಾದರೂ ಕೆಲಸ ಹುಡುಕುತ್ತಿದ್ದೆ. ಯಜಮಾನರು ಹಡಗಿನಲ್ಲಿ, ಮಗ ಸ್ಕೂಲಿನಲ್ಲಿ. ಅವನಿಗೆಂದು ಸಿಂಗಾಪುರದಿಂದ ತಂದ ಟಿ.ವಿ. ಆಟದ ಪೆಟ್ಟಿಗೆ ಅವನಿಗೆ ಬೇಡವಾಗಿ, ಅಕ್ಕಿ ಆರಿಸಲು ಕೆಳಗಿಳಿದು ಬಂದ ನಿಮ್ಮ ಕೈಗೆ ಸಿಕ್ಕಿದ್ದು ನೆನಪಿದೆಯಾ? ಆ ದಿನ ಅಕ್ಕಿ ಆರಿಸಲಿಲ್ಲ, ಕಲ್ಲು ಸಮೇತ ಬೇಯಿಸಿದೆವು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಜಾಗಕ್ಕೆ ಬ್ಯಾಂಕಿನವರೇ ಬಂದಿದ್ದಾರೆ. ಶಿವಮೊಗ್ಗದಿಂದ ಟ್ರಾನ್ಸ್‌ಫರ್ ಅಂತೆ. ಹೆಂಗಸಿನ ಹೆಸರು ಹೈಮಾವತಿ. ಕನ್ನಡದವರೇ. ಮೊನ್ನೆ ಹಾಲಿಗೆ ಹೆಪ್ಪು ಕೇಳಲು ಬಂದವರು ಟಿ.ವಿ. ಹತ್ತಿರ ಪೆಟ್ಟಿಗೆ ನೋಡಿ "ಇದೆಂತದು?" ಅಂದರು. ಕೋಟೆ ಆಟ ಅಂದೆ. ನನಗೂ ಕಲಿಸ್ತೀರಾ ಅಂದರು. ಆಗಲಿ ಅಂದೆ. ಅಂದುಬಿಟ್ಟ ಮೇಲೆ ಎಲ್ಲಿಂದ ಶುರು ಮಾಡಿಸುವುದು ಎಂದು ತಿಳಿಯುತ್ತಿಲ್ಲ.

ಇರುವುದು ಮೂರು ಕ್ಯಾಸೆಟ್ಟು. ಕೋಟೆ ಒಂದರಲ್ಲಿ ಬಣ್ಣವೇ ಇಲ್ಲ. ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಬಿಟ್ಟುಕೊಂಡು ಕೂತಿರಬೇಕು. ಸಾಲದ್ದಕ್ಕೆ ಆ ಸೂರ್ಯನ ಬಾಗಿಲು! ಪರದೆ ಮೇಲೆ ಸೂರ್ಯ ಹುಟ್ಟುತ್ತಿದ್ದಾನೆ, ಒಳ್ಳೆಯ ಶಕುನ ಎಂದು ಆ ಕಡೆ ಹೋಗಿ ಬಾವಲಿ ಕೈಯಲ್ಲಿ ಎಷ್ಟು ಸಲ ಸತ್ತೆವೋ. ಕೊನೆಗೆ ನೀವು ಸಿಟ್ಟಿನಲ್ಲಿ ಎದ್ದು ಹೋದ ಮೇಲೆ ಕದಾ ನಮಗೆ ಅದರ ಎದುರಿನ ಬಾಗಿಲಲ್ಲಿ ದೀಪ ಸಿಕ್ಕಿದ್ದು. ಕೋಟೆ ಎರಡರಲ್ಲಿ ಊರೂರು ಸುತ್ತಿ ಜಪಾನಿ ಅಕ್ಷರದಲ್ಲಿ ಮಾತಾಡುವವರ ಮುಖ ನೋಡಬೇಕು. ಮೂರರಲ್ಲಿ ಇಬ್ಬರೂ ಒಟ್ಟಿಗೆ ಆಡಬಹುದು, ಆದರೆ ಚಾಲಾ ಕಷ್ಟ. ಮತ್ತೆ ಅದು ನಮ್ಮದು. ಅದರ ಬೊಂಬೆಗಳಿಗೆ ಹೆಸರಿಟ್ಟವರೂ ನಾವೇ, ನನ್ನ ತಿಮ್ಮಯ್ಯ ಕೆಂಪು ಪೇಟ, ನಿಮ್ಮ ದೊಡ್ಡಯ್ಯ ನೀಲಿ ಪೇಟ. ಕೊನೆಯ ಬಾಗಿಲ ಮುಂದೆ ಇಬ್ಬರನ್ನೂ ನಿಲ್ಲಿಸಿ ನೀವು ವಿಜಯವಾಡಕ್ಕೆ ಹೋದಿರಿ. ಲಾರಿಗೆ ಸಾಮಾನು ಏರಿಸುವಾಗ "ಆ ಬಾಗಿಲಿನ ಗುಟ್ಟು ಹೊಳೆಯಿತು, ಬಂದಾಗ ತೋರಿಸುತ್ತೇನೆ" ಅಂದಿರಿ. ನಾನು ಕಾಯುತ್ತಿದ್ದೇನೆ.

ಎಲ್ಲಿಂದ ಶುರು ಮಾಡಿಸಲಿ? ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ
ಸುಲೋಚನಾ


ಪಟಮಟ, ವಿಜಯವಾಡ
23 ಜೂನ್ 1993

ಸುಲೋಚನಾ,

ನಿನ್ನ ಕಾಗದ ಬಂತು. ಅಕ್ಷರ ಚೆನ್ನಾಗಿದೆ, ತಪ್ಪು ನಾಲ್ಕೇ. ನನ್ನ ಪಾಲಿನ ಎರಡನ್ನು ನಾನು ಒಪ್ಪಿಕೊಂಡೆ.

ನಾವು ಸೇರಿಕೊಂಡೆವು. ಮನೆ ದೊಡ್ಡದು, ಗಾಳಿ ಸಣ್ಣದು. ಬಿಸಿಲಿನ ಬಗ್ಗೆ ಬರೆದರೆ ಕಾಗದ ಸುಟ್ಟೀತು. ಎದುರುಮನೆಯವರು ಒಳ್ಳೆಯವರು, ಮಾತಿಗೊಮ್ಮೆ ಮರ್ಯಾದೆಯಿಂದ "ಅಂಡಿ" ಅನ್ನುತ್ತಾರೆ, ಊಟ ಆಯಿತಾ ಎಂದು ಕೇಳುತ್ತಾರೆ. ಆಯಿತು ಅಂದರೆ ಮಾತು ಮುಗಿಯಿತು. ಮಧ್ಯಾಹ್ನ ನಮ್ಮವರು ಬ್ಯಾಂಕಿನಲ್ಲಿ, ಮಗಳು ಕಾಲೇಜಿನಲ್ಲಿ. ನಾನು ಸಿಟಿ ಬಸ್ಸು ನೋಡುತ್ತ ಕೂರುತ್ತೇನೆ. ಮಾತಾಡುವವರಿಲ್ಲದೆ ನನ್ನ ಕನ್ನಡ ಎದ್ದು ಮತ್ತೆ ಕುಂದಾಪುರಕ್ಕೇ ಹೋಗಿ ಕೂತಿದೆ ಮಾರಾಯ್ತಿ.

ಹೈಮಾವತಿ ಎಂಬವರು ಬಂದ ಕೂಡಲೇ ಹೆಪ್ಪಿಗೆ ಬಂದರು, ಆಟವನ್ನೂ ಕಲಿಸಿ ಅಂದರು. ಸಂತೋಷ. ಕೆಲವರಿಗೆ ಸಂಕೋಚ ಕಡಿಮೆ, ಅದೂ ಒಂದು ಗುಣವೇ. ನಾನು ನಿನ್ನ ಮನೆಯಲ್ಲಿ ಕಾಫಿ ಕುಡಿಯಲು ಎಷ್ಟು ತಿಂಗಳು ಹಿಡಿಯಿತು ಎಂದು ನಿನಗೆ ನೆನಪಿರಬಹುದು. ಇರಲಿ. ಅವರ ವಯಸ್ಸೆಷ್ಟು? ಕೈ ಚುರುಕಾ? ಸುಮ್ಮನೆ ಕೇಳಿದೆ.

ಎಲ್ಲಿಂದ ಶುರು ಎಂದು ಕೇಳುವುದೇನಿದೆ? ಮೂಡಿನಿಂದಲೇ ಶುರು ಮಾಡಿಸು. ಪಡು ಕಡೆ ಮಾತ್ರ ಕರೆದುಕೊಂಡು ಹೋಗಬೇಡ. ಸುಲಭದ ದಾರಿ ಹಿಡಿದವರಿಗೆ ಆಟ ಹತ್ತುವುದಿಲ್ಲ. ನಮಗೆ ಕೈ ಪಳಗಿದ್ದು ಏಟು ತಿಂದೇ ತಾನೇ? ಅವರೂ ಹಾಗೆಯೇ ಕಲಿಯಲಿ. ಬೇಸರವಾಗಿ ಬಿಟ್ಟರೆ ಬಿಡಲಿ, ನೀನು ಒತ್ತಾಯ ಮಾಡಬೇಡ. ಎಲ್ಲರಿಗೂ ಎಲ್ಲವೂ ಒಗ್ಗಬೇಕೆಂದೇನೂ ಇಲ್ಲವಲ್ಲ.

ಕೊನೆಯ ಬಾಗಿಲಿನ ಗುಟ್ಟನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. ಬಂದಾಗ ತೋರಿಸುತ್ತೇನೆ.

ನಿನ್ನ
ವಿಜಯಕ್ಕ


ಪೆಂಡುರ್ತಿ
9 ಜುಲೈ 1993

ಪ್ರೀತಿಯ ವಿಜಯಕ್ಕನಿಗೆ,

ನಿಮ್ಮ ಕಾಗದ ಓದಿದೆ. ಎಷ್ಟು ದೊಡ್ಡ ಮನಸ್ಸು ನಿಮ್ಮದು! ಅದು ನಮ್ಮಿಬ್ಬರದ್ದು, ಬೇರೆಯವರು ಮುಟ್ಟಬಾರದು ಎಂದು ನಾನೇ ಚಿಕ್ಕ ಬುದ್ಧಿಯಲ್ಲಿದ್ದೆ. ನೀವು ಒಂದೇ ಮಾತಿನಲ್ಲಿ ಕೊಟ್ಟುಬಿಟ್ಟಿರಿ. ನೀವು ಹೇಳಿದ ಹಾಗೆ ಮೂರರಿಂದಲೇ ಶುರು ಮಾಡಿಸಿದೆ. "ಪಡು ಕಡೆ ಹೋಗಬೇಡ" ಅಂದಿದ್ದಿರಿ. ಪಡು ಅಂದರೆ ಬೀಳುವುದು ಕದಾ, ಆ ಗುಂಡಿಗಳಿರುವ ದಾರಿ ತಾನೇ? ಆ ಕಡೆ ತಲೆಯನ್ನೇ ಹಾಕಲಿಲ್ಲ. ನೀವು ಹೇಳಿದ್ದು ಅಸಲು ನಿಜ. ಮೊದಲು ಕಷ್ಟದ್ದೇ ಆಡಿದ್ದರಿಂದ ಅವರಿಗೆ ಬೇಗ ಕೈ ಕೂತಿತು.

ವಯಸ್ಸು ಕೇಳಿದ್ದಿರಿ. ನನಗಿಂತ ಎರಡು ವರ್ಷ ಚಿಕ್ಕವರಿರಬಹುದು. ಕೈ ಏನು ಚುರುಕು ಅಂತೀರಿ! ಬೆಂಕಿ ಸೇತುವೆಯನ್ನು ಮೂರನೇ ದಿನ ದಾಟಿದರು. ನಾವು ಅಲ್ಲಿ ಎಷ್ಟು ದಿನ ಒದ್ದಾಡಿದ್ದೆವು! ನಿಮ್ಮ ಮಣೆ ಟಿ.ವಿ. ಮುಂದೆ ಇದ್ದ ಹಾಗೇ ಇತ್ತು, ಅದರ ಮೇಲೆ ಕೂರುತ್ತಾರೆ. ಅವರಿಗೆ ಸರಿಯಾಗಿ ಹೊಂದುತ್ತದೆ.

ಒಂದು ತಮಾಷೆ. ದೊಡ್ಡಯ್ಯ ಎಂದು ಅವರು ಬಾಯಿಬಿಟ್ಟು ಹೇಳಲಾರರು. ಅದು ಅವರ ಮಾವನ ಹೆಸರಂತೆ! ಮೊದಲ ದಿನ ನಾನು "ದೊಡ್ಡಯ್ಯ ಬಿದ್ದ, ದೊಡ್ಡಯ್ಯ ಸತ್ತ" ಎಂದು ಕಿರುಚಿದಾಗ ಪಾಪಂ, ಕೆನ್ನೆ ಕೆನ್ನೆ ಬಡಿದುಕೊಂಡರು. ಅದಕ್ಕೇ ಅವನಿಗೆ ಅಶೋಕ ಎಂದು ಹೊಸ ಹೆಸರಿಟ್ಟಿದ್ದಾರೆ. ನನಗಿನ್ನೂ ಬಾಯಿ ತಿರುಗುತ್ತಿಲ್ಲ.

ನಿಮ್ಮ ಬಗ್ಗೆ ದಿನಾ ಹೇಳುತ್ತಿರುತ್ತೇನೆ. ವಿಜಯಕ್ಕನೇ ಮೂರರಿಂದ ಶುರು ಮಾಡಿಸು ಅಂದರು ಅಂದೆ. "ಅವರಿಗೆ ನನ್ನ ಥ್ಯಾಂಕ್ಸ್ ಬರೀರಿ" ಅಂದರು. ಬರೆದಿದ್ದೇನೆ.

ನಿಮ್ಮ
ಸುಲೋಚನಾ


ಪಟಮಟ
17 ಜುಲೈ 1993

ಸುಲೋಚನಾ,

ಕಾಗದ ತಲುಪಿತು. ಥ್ಯಾಂಕ್ಸೂ ತಲುಪಿತು.

ಮೊದಲು ನನಗೆ ಅರ್ಥವೇ ಆಗಲಿಲ್ಲ. ನಾನು ಯಾವಾಗ ಮೂರು ಅಂದೆ ಎಂದು ನಿನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನಿನ್ನೆ ಸಂಜೆ ಹೂವಿಗೆ ಹೋಗಿದ್ದೆ. ಹೂವಿನವಳು "ಮೂಡು ಮೂರಲು ಇವ್ವನಾ ಅಮ್ಮಾ?" ಅಂದಳು. ಮೂರು ಮೊಳ ಕೊಡಲಾ ಎಂದು. ನಾನು ಬುಟ್ಟಿಯ ಮುಂದೆ ಹಾಗೇ ನಿಂತುಬಿಟ್ಟೆ. ಅವಳು ಮತ್ತೆ "ಮೂಡು, ಮೂಡು" ಎಂದು ಬೆರಳು ತೋರಿಸಿದಳು. ಹೂವು ತಗೊಳ್ಳದೆ ಮನೆಗೆ ಬಂದೆ. ಏನೂ ಇಲ್ಲ, ಸುಮ್ಮನೆ ಬರೆದೆ.

ಅಶೋಕನಂತೆ! ತಲೆ ಮೇಲೆ ಕಿರೀಟ ಇಡುವುದೊಂದು ಬಾಕಿ. ಅವರ ಮಾವನ ಹೆಸರಾದರೆ ಅವರು ಬೇರೆ ಆಟ ಆಡಲಿ, ನನ್ನ ದೊಡ್ಡಯ್ಯನಿಗೆ ನಾಮಕರಣ ಮಾಡಲು ಇವರು ಯಾರು? ನೀನಾದರೂ ಬೇಡ ಎನ್ನಬೇಕಿತ್ತು. ನಾನಿದನ್ನು ತಮಾಷೆಗೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ಬೆಂಕಿ ಸೇತುವೆಯಲ್ಲಿ ನಾವು ಒದ್ದಾಡಿದ್ದು ಕರೆಂಟು ಹೋಗಿ ಹೋಗಿ ಬರುತ್ತಿದ್ದುದರಿಂದ. ಅವರಿಗೂ ಅದನ್ನು ಹೇಳಬೇಕಾದ್ದು ನ್ಯಾಯ.

ಇನ್ನೊಂದು ಮಾತು. ಆ ಮಣೆ ನಾನು ಬಿಟ್ಟು ಬಂದದ್ದಲ್ಲ, ಮರೆತು ಬಂದದ್ದು. ತವರಿನ ಹಲಸಿನ ಮರದ್ದು. ಇಲ್ಲಿ ನೆಲದ ಮೇಲೆ ಕೂತರೆ ಮಂಡಿ ಹಿಡಿಯುತ್ತದೆ. ಬ್ಯಾಂಕಿನವರು ಯಾರಾದರೂ ಈ ಕಡೆ ಬರುವಾಗ ಕೊಟ್ಟು ಕಳಿಸು. ಅವಸರವಿಲ್ಲ. ಈ ತಿಂಗಳೊಳಗೆ ಬಂದರೆ ಸಾಕು.

ವಿಜಯಲಕ್ಷ್ಮೀ


ಪೆಂಡುರ್ತಿ
11 ಆಗಸ್ಟ್ 1993

ಪ್ರೀತಿಯ ವಿಜಯಕ್ಕನಿಗೆ,

ಮಂಡಿ ನೋವು ಎಂದು ಓದಿ ಬೇಜಾರಾಯಿತು. ಇಲ್ಲಿದ್ದಾಗ ಒಂದು ದಿನವೂ ಹೇಳಲಿಲ್ಲವಲ್ಲ? ಬ್ಯಾಂಕಿನ ಶಂಕರಪ್ಪನವರು ವಿಜಯವಾಡಕ್ಕೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಮಣೆ ಕಳಿಸಿದ್ದೇನೆ, ಗೋಣಿ ಸುತ್ತಿದ್ದೇನೆ. ಜೊತೆಗೆ ಮಂಡಿಗೆ ಹಚ್ಚುವ ಎಣ್ಣೆ ಇದೆ, ಬಿಸಿ ಮಾಡಿ ಹಚ್ಚಿ. ಕಳೆದ ವಾರ ಇಲ್ಲೇ ಪಕ್ಕದ ಸಿಂಹಾಚಲಂ ಬೆಟ್ಟ ಹತ್ತಿದಾಗ ನಿಮ್ಮ ಹೆಸರಲ್ಲಿ ಒಂದು ಅರ್ಚನೆ ಮಾಡಿಸಿದೆ. ಪ್ರಸಾದವೂ ಅದೇ ಗಂಟಿನಲ್ಲಿದೆ.

ಮಣೆ ಹೋದ ಮೇಲೆ ಹೈಮಾವತಿಯವರು ದಿಂಬಿನ ಮೇಲೆ ಕೂರುತ್ತಾರೆ. "ಇದೂ ಸುಖವೇ" ಅಂದರು. ಆದರೂ ಟಿ.ವಿ. ಮುಂದೆ ಆ ಜಾಗ ನೋಡಿದರೆ ನನಗೆ ಹಲ್ಲು ಬಿದ್ದ ಬಾಯಿ ನೋಡಿದ ಹಾಗಾಗುತ್ತದೆ.

ನಾವೀಗ ಕೊನೆಯ ಬಾಗಿಲಿಗೆ ಬಂದಿದ್ದೇವೆ. ಎರಡು ಕಲ್ಲು, ಎರಡರ ಮೇಲೂ ಇಬ್ಬರು ನಿಂತರೆ ಬಾಗಿಲು ಮೇಲೆ ಹೋಗುತ್ತದೆ. ಇಬ್ಬರೂ ಇಳಿದು ಓಡಿದರೆ ಧಡಾರನೆ ಬೀಳುತ್ತದೆ. ನೀವಿದ್ದಾಗ ಎಲ್ಲಿ ನಿಂತಿದ್ದೆವೋ ಅಲ್ಲೇ ನಿಂತಿದ್ದೇವೆ. ಗುಟ್ಟು ಹೇಳಿಬಿಡಿ ಅಕ್ಕಾ. ಬರೆಯಲಾಗುವುದಿಲ್ಲ ಅಂದಿರಿ, ಒಂದು ಸಾಲು ಸಾಕು, ನಾನು ಅರ್ಥ ಮಾಡಿಕೊಳ್ಳುತ್ತೇನೆ. ನಿಮ್ಮ ಮಾತು ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಎಂದಾದರೂ ತಪ್ಪಿದ್ದುಂಟಾ?

ನಿಮ್ಮ
ಸುಲೋಚನಾ


ಪಟಮಟ
20 ಆಗಸ್ಟ್ 1993

ಶ್ರೀಮತಿ ಸುಲೋಚನಾ ಅವರಿಗೆ,

ಮಣೆ, ಎಣ್ಣೆ, ಪ್ರಸಾದ ಮೂರೂ ತಲುಪಿದವು. ತೊಂದರೆ ತಗೊಂಡಿರಿ.

ನೀವು ಕೇಳಿದ ಬಾಗಿಲಿನ ವಿಷಯ ನನಗೆ ನೆನಪಿಲ್ಲ. ಹೊರಡುವ ಗಡಿಬಿಡಿಯಲ್ಲಿ ಏನೋ ಅಂದಿರಬೇಕು. ಹೈಮಾವತಿಯವರ ಕೈ ಅಷ್ಟು ಚುರುಕೆಂದ ಮೇಲೆ ನಿಮಗೆ ನನ್ನ ನೆನಪಿನ ಅಗತ್ಯವೂ ಬೀಳಲಾರದು.

ನಮ್ಮವರು ಮೊನ್ನೆ ಇಲ್ಲಿಯ ಅಂಗಡಿಯಿಂದ ಒಂದು ಆಟದ ಪೆಟ್ಟಿಗೆ ತಂದುಕೊಟ್ಟರು. ಸಾವಿರ ಆಟ ಇದೆಯಂತೆ. ಹುಡುಕಿದೆ, ಕೋಟೆ ಇಲ್ಲ. ಹಡಗಿನವರ ಮನೆಗೆ ಬರುವುದು ಬ್ಯಾಂಕಿನವರ ಮನೆಗೆ ಎಲ್ಲಿ ಬಂದೀತು? ಒಂದರಲ್ಲಿ ಬಾತುಕೋಳಿ ಹೊಡೆಯಬೇಕು. ಹೊಡೆದೆ. ಮಣೆಯ ಮೇಲೆ ಕೂತೇ ಹೊಡೆದೆ. ಮಗಳು "ಅಮ್ಮಾ, ಯಾಕೆ ಅಷ್ಟು ಸಿಟ್ಟಿನಿಂದ ಒತ್ತುತ್ತೀ, ಬಟನ್ ಹೋಗುತ್ತೆ" ಅಂದಳು. ಪೆಟ್ಟಿಗೆ ಮುಚ್ಚಿ ಮಂಚದ ಕೆಳಗೆ ತಳ್ಳಿದ್ದೇನೆ.

ಮನೆಯವರಿಗೆಲ್ಲ ನಮಸ್ಕಾರ ತಿಳಿಸಿ.

ವಿಜಯಲಕ್ಷ್ಮೀ


ಪೆಂಡುರ್ತಿ
6 ಸೆಪ್ಟೆಂಬರ್ 1993

ಪ್ರೀತಿಯ ವಿಜಯಕ್ಕನಿಗೆ,

ನನಗೆ ಈ ಸಲ ಹೆಮ್ಮೆಯೋ ಹೆಮ್ಮೆ. ಕಾಗದದ ಮೇಲೆ ಶ್ರೀಮತಿ, ಒಳಗೆ ನೀವು! ಅಕ್ಷರ ಕಲಿತವಳಿಗೆ ಟೀಚರಿಂದ ಮರ್ಯಾದೆ ಸಿಕ್ಕಿತು ಎಂದು ಹೈಮಾವತಿಯವರಿಗೂ ತೋರಿಸಿದೆ. ಅವರು ಯಾಕೋ ನಗಲಿಲ್ಲ, ಕಾಗದ ಮಡಚಿ ವಾಪಸು ಕೊಟ್ಟರು.

ಇನ್ನೊಂದು ಸುದ್ದಿ. ಬಾಗಿಲು ತೆರೆಯಿತು ಅಕ್ಕಾ! ಆ ದಿನ ಹೈಮಾವತಿಯವರ ಒಲೆ ಮೇಲೆ ಹಾಲಿತ್ತು. ಉಕ್ಕಿದ ವಾಸನೆ ಬಂದು ಅವರು ಹಾಗೇ ಬಿಟ್ಟು ಮೇಲಕ್ಕೆ ಓಡಿದರು. ಅಶೋಕ ತನ್ನ ಕಲ್ಲಿನ ಮೇಲೆ ನಿಂತೇ ಇದ್ದ. ನಾನು ಏನೂ ತೋಚದೆ ತಿಮ್ಮಯ್ಯನನ್ನು ಇಳಿಸಿ ನಡೆಸಿದೆ. ಬಾಗಿಲು ಬೀಳಲೇ ಇಲ್ಲ! ಅದೇ ಗುಟ್ಟು. ಒಬ್ಬರು ಕಲ್ಲಿನ ಮೇಲೆ ನಿಂತೇ ಇರಬೇಕು, ಇನ್ನೊಬ್ಬರು ಒಳಗೆ ಹೋಗಬೇಕು. ಇಬ್ಬರೂ ಹೋಗಲು ಆಗುವುದಿಲ್ಲ. ಹೀಗೆ ನೀಲಿ ಪೇಟದವನು ಆಚೆಯೇ ಉಳಿದ, ತಿಮ್ಮಯ್ಯ ಒಬ್ಬನೇ ಹೋದ. ಒಳಗೆ ಒಂದು ದೊಡ್ಡ ಕುರ್ಚಿ, ಅದರ ಮೇಲೆ ತಿಮ್ಮಯ್ಯ ಕೂತ, ಹಾಡು ಬಂತು, ಮುಗಿಯಿತು. ಕೋಟೆ ನಮ್ಮದಾಯಿತು!

ಹೈಮಾವತಿಯವರು ಕೆಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಖುಷಿಗೆ ಕೇಸರಿಬಾತು ಮಾಡಿದೆವು. ಯಜಮಾನರು ಡಿಸೆಂಬರಿಗೆ ಬರುವಾಗ ಕೋಟೆ ನಾಲ್ಕು ತರುತ್ತಾರಂತೆ.

ಮಂಡಿ ಹೇಗಿದೆ? ಬರೆಯಿರಿ.

ನಿಮ್ಮ
ಸುಲೋಚನಾ


ಪೆಂಡುರ್ತಿ
25 ಅಕ್ಟೋಬರ್ 1993

ವಿಜಯಕ್ಕನಿಗೆ,

ದಸರಾ ಆಯಿತು, ನಿಮ್ಮ ಕಾಗದ ಬರಲಿಲ್ಲ. ಅಂಚೆಯವನನ್ನು ದಿನಾ ಕೇಳುತ್ತೇನೆ. "ಏಮೀ ಲೇದಮ್ಮಾ", ಏನೂ ಇಲ್ಲ ಎಂದು ದೂರದಿಂದಲೇ ಕೈ ಆಡಿಸುತ್ತಾನೆ. ಈಗ ಕೇಳುವುದನ್ನೂ ಬಿಟ್ಟಿದ್ದೇನೆ.

ಮೈ ಹುಷಾರಿಲ್ಲವಾ? ಎಣ್ಣೆ ಒಗ್ಗಲಿಲ್ಲವಾ? ಬ್ಯಾಂಕಿನವರಲ್ಲಿ ವಿಚಾರಿಸಿದೆ, ನೀವೆಲ್ಲ ಚೆನ್ನಾಗಿದ್ದೀರಿ ಅಂದರು. ಚೆನ್ನಾಗಿದ್ದರೆ ಯಾಕೆ ಬರೆಯುತ್ತಿಲ್ಲ ಎಂದು ಅವರನ್ನು ಕೇಳಲಾಗಲಿಲ್ಲ.

ಬಾಗಿಲು ತೆರೆದ ದಿನದ ಬಗ್ಗೆ ಒಂದು ಮಾತು ಹೋದ ಕಾಗದದಲ್ಲಿ ಬಿಟ್ಟುಹೋಯಿತು. ಹಾಡು ಬರುವಾಗ ನಾನು ಎಡಗಡೆ ತಿರುಗಿದೆ. ನೀವು ಅಲ್ಲಿ ಕೂತು "ಹೋ!" ಎಂದು ನನ್ನ ತೊಡೆಗೆ ಬಾರಿಸುತ್ತೀರಿ ಎಂದು ಮೈ ಬಿಗಿ ಹಿಡಿದುಕೊಂಡಿದ್ದೆ. ದಿಂಬು ಮಾತ್ರ ಇತ್ತು.

ಒಂದು ಕಾರ್ಡಾದರೂ ಹಾಕಿ.

ಸುಲೋಚನಾ


ಪೆಂಡುರ್ತಿ
16 ಡಿಸೆಂಬರ್ 1993

ವಿಜಯಕ್ಕಾ,

ನೀವು ಬರೆಯುವುದಿಲ್ಲ ಎಂದು ಗೊತ್ತಾದ ಮೇಲೂ ಬರೆಯುತ್ತಿದ್ದೇನೆ. ಈ ಸಲ ಹೇಳಲು ವಿಷಯವಿದೆ.

ಹೋದ ಭಾನುವಾರ ಬೆಳಿಗ್ಗೆ ಹೈಮಾವತಿಯವರೂ ನಾನೂ ಟಿ.ವಿ. ಮುಂದೆ ಅವರೆಕಾಳು ಬಿಡಿಸುತ್ತ ಕೂತಿದ್ದೆವು. ಬಿಸಿಲು ನೇರ ಪರದೆ ಮೇಲೆ ಬೀಳುತ್ತಿತ್ತು. "ಸುಲೋಚನಾ, ಆ ಮೂಡು ಕಿಟಕಿ ಹಾಕಿ, ಎಂತದೂ ಕಾಂಬುದಿಲ್ಲೆ" ಅಂದರು. ನಾನು ಎದ್ದು ಕಿಟಕಿ ಎಣಿಸಿದೆ. ಒಂದು, ಎರಡು. ಆ ಕೋಣೆಗೆ ಇರುವುದೇ ಎರಡು. "ಮೂಡೋದು ಎಕ್ಕಡ ಉಂದಿ? ಮೂರನೇ ಕಿಟಕಿ ಎಲ್ಲಿದೆ?" ಎಂದು ಕೇಳಿದೆ. ಅವರು ಅವರೆಕಾಯಿ ತಟ್ಟೆ ಬಿಟ್ಟು ನಕ್ಕರು. "ಮೂರನೇದಲ್ಲ ಮಾರಾಯ್ರೆ, ಸೂರ್ಯ ಹುಟ್ಟುವ ಬದಿಗೆ ನಮ್ಮೂರಲ್ಲಿ ಮೂಡು ಅಂತ ಹೇಳೂದು. ಮುಳುಗುವ ಬದಿ ಪಡು" ಅಂದರು. ಅವರು ಬಂದದ್ದು ಮಾತ್ರ ಶಿವಮೊಗ್ಗದಿಂದ, ಊರು ಬ್ರಹ್ಮಾವರವಂತೆ. ನಿಮ್ಮ ಪಕ್ಕದ ಊರೇ ಕದಾ?

ನೀವು ನನ್ನ ಹತ್ತಿರ ಯಾವಾಗಲೂ ಟೀಚರ ಹಾಗೆ ಪುಸ್ತಕದ ಕನ್ನಡ ಮಾತಾಡುತ್ತಿದ್ದಿರಿ. ಆಡುವಾಗ ಬೆರಳು ತೋರಿಸಿದರೆ ಸಾಕಿತ್ತು. ನಿಮ್ಮ ಮೂಡು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ನಾನು ತೆಲುಗು ಮೂಡು ಎಂದು ಓದಿಕೊಂಡೆ.

ಅವರು ಅಡುಗೆಗೆ ಮೇಲೆ ಹೋದ ಮೇಲೆ ಕೋಟೆ ಒಂದು ಹಾಕಿದೆ. ಸೂರ್ಯನ ಬಾಗಿಲಲ್ಲಿ ಹೋದೆ. ಬಾವಲಿ ಬಂತು, ಸತ್ತೆ. ಮತ್ತೆ ಹೋದೆ, ಸತ್ತೆ. ಆಗ ಎಲ್ಲ ತಿಳಿಯಿತು. ದೀಪ ಸಿಗುವ ಬಾಗಿಲಿಗೆ ಕರೆದುಕೊಂಡು ಹೋಗಬೇಡ ಅಂದಿದ್ದಿರಿ. ಅವರು ಸತ್ತು ಸತ್ತು ಬೇಸರವಾಗಿ ಎದ್ದು ಹೋಗಲಿ ಅಂದಿದ್ದಿರಿ. ನೀವು ಮೂರನ್ನು ಕೊಡಲೇ ಇಲ್ಲ. ನಾನು ದೊಡ್ಡ ಮನಸ್ಸು ಅಂತ ಬರೆದೆ, ಥ್ಯಾಂಕ್ಸ್ ಬೇರೆ ಕಳಿಸಿದೆ! ಮಣೆ ಕೇಳಿದ್ದು, ನನ್ನನ್ನು "ನೀವು" ಅಂದದ್ದು, ಬಾಗಿಲು ನೆನಪಿಲ್ಲ ಅಂದದ್ದು ಒಂದೊಂದೇ ಬಂದು ಎದುರಿಗೆ ಕೂತವು. ಮಂಡಿಗೆ ಎಣ್ಣೆ ಕಳಿಸಿದೆನಲ್ಲ ಎಂದು ನೆನೆದು ನಾಚಿಕೆಯಾಯಿತು.

ಮೊದಲು ಸಿಟ್ಟು ಬಂತು. ಏನೂ ತಪ್ಪು ಮಾಡದವರನ್ನು ಬಾವಲಿ ಬಾಯಿಗೆ ಹಾಕು ಎಂದು ನನ್ನ ಕೈಯಲ್ಲೇ ಮಾಡಿಸಲು ನೋಡಿದರಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಅಳುತ್ತ ಅಳುತ್ತ ಯಾಕೋ ನಗು ಬಂತು. ಆಮೇಲೆ ಬಂದದ್ದನ್ನು ನಿಮಗೆ ಹೇಗೆ ಬರೆಯುವುದೋ ತಿಳಿಯದು.

ನಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ನನ್ನ ಅಪ್ಪನ ಕಾಲದಿಂದ ಬ್ಯಾಂಕಿನವರು ಬರುತ್ತಾರೆ, ಟ್ರಾನ್ಸ್‌ಫರ್ ಆಗಿ ಹೋಗುತ್ತಾರೆ. ಹೋಗುವಾಗ ಎಲ್ಲರೂ ಅಳುತ್ತಾರೆ. ಹಬ್ಬಕ್ಕೆ ಒಂದು ಕಾರ್ಡು, ಆಮೇಲೆ ಅದೂ ಇಲ್ಲ. ಯಜಮಾನರು ಹಡಗು ಹತ್ತುತ್ತಾರೆ, ನಗುತ್ತ ಕೈ ಬೀಸುತ್ತಾರೆ. ಎಲ್ಲರೂ ಬಾಗಿಲು ದಾಟಿ ಹೋಗುತ್ತಾರೆ, ನಾನು ಕಲ್ಲಿನ ಮೇಲೆ ನಿಂತಿರುತ್ತೇನೆ. ನೀವೂ ಹಾಗೇ ಹೋದಿರಿ, ಹೊಸ ಊರಲ್ಲಿ ಮರೆತಿರಿ ಎಂದುಕೊಂಡಿದ್ದೆ. ನೀವು ಅಲ್ಲಿ ಕೂತು ನನ್ನ ಟಿ.ವಿ. ಮುಂದೆ ಯಾರು ಕೂತರು ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದಿರಿ! ನನಗೋಸ್ಕರ ಹೊಟ್ಟೆ ಉರಿದುಕೊಂಡವರು ಇದುವರೆಗೆ ಯಾರೂ ಇರಲಿಲ್ಲ ಅಕ್ಕಾ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

ಹೈಮಾವತಿಯವರಿಗೆ ನಾನೇನೂ ಹೇಳಲಿಲ್ಲ. ಹೇಳಬೇಕಾದ್ದೂ ಇಲ್ಲ. ನಿನ್ನೆ ಅವರೇ ಅಂದರು: "ನಿಮ್ಮ ಬಾಯಲ್ಲಿ ದಿನಕ್ಕೆ ಎಷ್ಟು ಸಲ ವಿಜಯಕ್ಕ ಬರ್ತಾರೆ ಗೊತ್ತುಂಟಾ? ನಾನು ಪಕ್ಕದಲ್ಲಿ ಕೂತದ್ದೇ ನಿಮಗೆ ಮರೆತುಹೋಗ್ತದೆ." ಅವರ ಮುಖ ನೋಡಿದೆ. ನಗುತ್ತ ಹೇಳಲಿಲ್ಲ.

ಕೋಟೆ ನಾಲ್ಕು ಬಂದಿದೆ. ಯಜಮಾನರು ಮೊನ್ನೆ ತಂದುಕೊಟ್ಟರು. ಪ್ಲಾಸ್ಟಿಕ್ ಹರಿದಿಲ್ಲ. ದೇವರ ಕೋಣೆಯಲ್ಲಿಟ್ಟಿದ್ದೇನೆ. ಹೇಳಿ, ಎಲ್ಲಿಂದ ಶುರು ಮಾಡೋಣ? ಈ ಸಲ ಸರಿಯಾಗಿ ಓದಿಕೊಳ್ಳುತ್ತೇನೆ.

ನಿಮ್ಮ
ಸುಲೋಚನಾ


ಪಟಮಟ
24 ಡಿಸೆಂಬರ್ 1993

ಸುಲೋಚನಾ,

ನಿನ್ನ ಕಾಗದದಲ್ಲಿ ಈ ಸಲ ಒಂದೂ ತಪ್ಪಿಲ್ಲ. ಓದಲು ಮಾತ್ರ ತುಂಬ ಹೊತ್ತು ಹಿಡಿಯಿತು.

ಬಾಗಿಲಿನ ಗುಟ್ಟು ನನಗೆ ಆ ದಿನವೇ ಹೊಳೆದಿತ್ತು. ಒಬ್ಬರು ಆಚೆ ಉಳಿಯಬೇಕು ಎಂದು ಲಾರಿಯ ಮುಂದೆ ನಿಂತುಕೊಂಡು ನಿನಗೆ ಹೇಗೆ ಹೇಳಲಿ? ಅದಕ್ಕೇ ಬಂದಾಗ ತೋರಿಸುತ್ತೇನೆ ಅಂದೆ. ಆಮೇಲೆ ನಿನ್ನ ಸೆಪ್ಟೆಂಬರಿನ ಕಾಗದ ಬಂತು. ನೀಲಿ ಪೇಟದವನು ಆಚೆಯೇ ಉಳಿದ, ಕೋಟೆ ನಮ್ಮದಾಯಿತು ಎಂದು ಬರೆದಿದ್ದೆ. ಅದರ ಮೇಲೆ ಕೇಸರಿಬಾತು ಬೇರೆ. ನನ್ನನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ ಹಾಗಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಅದಕ್ಕೆ ಬರೆಯಲಿಲ್ಲ.

ಹೊಟ್ಟೆ ಉರಿದದ್ದು ನಿಜ. ಈಗಲೂ ಉರಿಯುತ್ತಿದೆ. ನಿನ್ನ ಸಂತೋಷಕ್ಕೋಸ್ಕರ ಅದನ್ನು ಆರಿಸಲು ಹೋಗುವುದಿಲ್ಲ.

ಸಿಂಹಾಚಲಕ್ಕೆ ಹರಕೆ ಇದೆ ಎಂದು ನಮ್ಮವರಿಗೆ ಹೇಳಿದ್ದೇನೆ. "ಯಾವಾಗ ಹೊತ್ತೆ?" ಎಂದು ಕೇಳಿದರು. ಈಗಷ್ಟೇ ಅಂದೆ. ಜನವರಿ ಎರಡರ ರೈಲಿಗೆ ಟಿಕೇಟು ಆಗಿದೆ.

ನಾಲ್ಕು ದೇವರ ಕೋಣೆಯಲ್ಲೇ ಇರಲಿ. ಒಂದನ್ನು ಹಾಕಿಡು. ಮೂಡಿನಿಂದಲೇ ಶುರು. ನನ್ನ ಮೂಡು, ನಿನ್ನದಲ್ಲ. ಇಬ್ಬರೂ ಹೋಗಿ ಸಾಯೋಣ. ದೊಡ್ಡಯ್ಯನ ಹೆಸರು ನಾನು ಬರುವಷ್ಟರಲ್ಲಿ ದೊಡ್ಡಯ್ಯ ಎಂದೇ ಆಗಿರಬೇಕು. ಅವರಿಗೆ ಕಷ್ಟವಾದರೆ ಕಿವಿ ಮುಚ್ಚಿಕೊಳ್ಳಲಿ.

ಮಣೆ ತರುತ್ತಿದ್ದೇನೆ. ಹೈಮಾವತಿಯವರಿಗೆ ಬೇರೆ ಮಣೆ ಹುಡುಕಿಡು.

ನಿನ್ನ
ವಿಜಯಕ್ಕ